ಆರೋಗ್ಯ ಸಿಬ್ಬಂದಿಗೆ ಇನ್‌ಫ್ಲುಯೆಂಜಾದಿಂದ ರಕ್ಷಣೆ: ಸೇವೆ ಪಡೆಯಲು ಬರುವ ಸಾರ್ವಜನಿಕರ ಗಮನಕ್ಕೆ

ಪೀಠಿಕೆ

ಅಂತರಘಟ್ಟೆ ಹಾಗೂ ಅಜ್ಜಂಪುರ, ತರೀಕೆರೆ, ಕಡೂರು ಭಾಗದ ಗ್ರಾಮಸ್ಥರು ಚಿಕಿತ್ಸೆ, ಗರ್ಭಿಣಿಯರ ತಪಾಸಣೆ, ಹೆರಿಗೆ, ಮಕ್ಕಳ ಲಸಿಕೆ, ತಾಯಿ ಕಾರ್ಡ್, ವೈದ್ಯಕೀಯ ಪ್ರಮಾಣ ಪತ್ರ ಮುಂತಾದ ಸೇವೆಗಳಿಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೂ ತಾಲ್ಲೂಕು ಆಸ್ಪತ್ರೆಗಳಿಗೂ ಬರುತ್ತಾರೆ. ಈ ಸೇವೆಗಳು ಸಕಾಲದಲ್ಲಿ ದೊರೆಯಬೇಕಾದರೆ ಅವುಗಳನ್ನು ಒದಗಿಸುವ ಸಿಬ್ಬಂದಿ ಆರೋಗ್ಯವಾಗಿರುವುದು ಅವಶ್ಯ. ರೋಗಿಗಳಿಂದ ಸಿಬ್ಬಂದಿಗೂ ಸಿಬ್ಬಂದಿಯಿಂದ ಮತ್ತೆ ರೋಗಿಗಳಿಗೂ ಸುಲಭವಾಗಿ ಹರಡುವ ಕಾಯಿಲೆಗಳಲ್ಲಿ ಇನ್‌ಫ್ಲುಯೆಂಜಾ (ಫ್ಲೂ ಜ್ವರ) ಪ್ರಮುಖವಾದುದು. ಇದನ್ನು ತಡೆಯುವಲ್ಲಿ ಆಸ್ಪತ್ರೆಯ ಪಾತ್ರವೇನು, ಸಾರ್ವಜನಿಕರ ಪಾತ್ರವೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹರಡುವ ವಿಧಾನ

ಇನ್‌ಫ್ಲುಯೆಂಜಾ ಒಂದು ವೈರಾಣು ಸೋಂಕು. ಸೋಂಕಿತರು ಕೆಮ್ಮಿದಾಗ, ಸೀನಿದಾಗ, ಮಾತನಾಡಿದಾಗ ಹೊರಬೀಳುವ ತುಂತುರು ಹನಿಗಳ ಮೂಲಕ ಹತ್ತಿರದಲ್ಲಿರುವವರಿಗೆ ಹರಡುತ್ತದೆ. ಮೇಜು, ಬಾಗಿಲ ಹಿಡಿ, ಲೇಖನಿ ಮುಂತಾದ ಗಟ್ಟಿ ವಸ್ತುಗಳ ಮೇಲೆ ವೈರಾಣು 24ರಿಂದ 48 ಗಂಟೆಗಳವರೆಗೆ ಉಳಿಯಬಲ್ಲದು. ಸೋಂಕು ತಗುಲಿದ 1ರಿಂದ 4 ದಿನಗಳಲ್ಲಿ ಜ್ವರ, ಕೆಮ್ಮು, ಗಂಟಲು ನೋವು, ಮೈಕೈ ನೋವು ಕಾಣಿಸಿಕೊಳ್ಳುತ್ತವೆ. ಲಕ್ಷಣಗಳು ಕಾಣಿಸುವ ಒಂದು ದಿನ ಮೊದಲೇ ವ್ಯಕ್ತಿಯು ಇತರರಿಗೆ ಸೋಂಕು ಹರಡಬಲ್ಲರು. ಲಕ್ಷಣಗಳು ಆರಂಭವಾದ ನಂತರವೂ ಸುಮಾರು 5ರಿಂದ 7 ದಿನ ಹರಡುವ ಸಾಧ್ಯತೆ ಇರುತ್ತದೆ.

ಭಾರತದಲ್ಲಿ ಈ ಕಾಯಿಲೆ ವರ್ಷಕ್ಕೆ ಎರಡು ಬಾರಿ ಹೆಚ್ಚುತ್ತದೆ: ಜನವರಿಯಿಂದ ಮಾರ್ಚ್ ಅವಧಿಯಲ್ಲಿ ಹಾಗೂ ಮಳೆಗಾಲದ ನಂತರ. ಎತ್ತಿನ ಗಾಡಿಗಳಲ್ಲಿ ಸುತ್ತಲಿನ ಊರುಗಳ ಭಕ್ತರು ಬಂದು ಸೇರುವ ಶ್ರೀ ಅಂತರಘಟ್ಟಮ್ಮನವರ ಜಾತ್ರೆಯೂ ಸಾಮಾನ್ಯವಾಗಿ ಮೊದಲನೆಯ ಅವಧಿಯಲ್ಲಿಯೇ ನಡೆಯುತ್ತದೆ. ಆದ್ದರಿಂದ ಜಾತ್ರೆಯ ದಿನಗಳಲ್ಲಿ ಹಾಗೂ ಅನಂತರದ ವಾರದಲ್ಲಿ ಜ್ವರ, ಕೆಮ್ಮು ಇರುವವರು ವಿಶೇಷ ಎಚ್ಚರ ವಹಿಸುವುದು ಸೂಕ್ತ.

ಸಿಬ್ಬಂದಿಯ ರಕ್ಷಣೆ ಏಕೆ ಮುಖ್ಯ?

ನಿಗದಿತ ಮಾನದಂಡದಂತೆ ಬಯಲು ಪ್ರದೇಶದಲ್ಲಿ 30,000, ಗುಡ್ಡಗಾಡು ಪ್ರದೇಶದಲ್ಲಿ 20,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರವಿರುತ್ತದೆ. ಸುಮಾರು 1,000 ಜನಸಂಖ್ಯೆಗೆ ಒಬ್ಬ ಆಶಾ ಕಾರ್ಯಕರ್ತೆ ಇರುತ್ತಾರೆ. ವೈದ್ಯಾಧಿಕಾರಿ, ಶುಶ್ರೂಷಕಿ, ಪ್ರಯೋಗಶಾಲಾ ತಂತ್ರಜ್ಞ, ಔಷಧ ವಿತರಕ ಇವರಲ್ಲಿ ಒಬ್ಬರು ಒಂದು ವಾರ ಹಾಸಿಗೆ ಹಿಡಿದರೆ ಅವರ ಕೆಲಸವನ್ನು ನಿರ್ವಹಿಸಲು ಬದಲಿ ವ್ಯಕ್ತಿ ಇರುವುದು ವಿರಳ. ಆಗ ರಕ್ತ ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಹೆರಿಗೆಗೆ ಬಂದವರು ದೂರದ ಆಸ್ಪತ್ರೆಗೆ ಹೋಗಬೇಕಾಗುತ್ತದೆ.

ಎರಡನೆಯದಾಗಿ, ಬೆಳಿಗ್ಗೆ ಜ್ವರದ ರೋಗಿಯ ಆರೈಕೆ ಮಾಡಿದ ಶುಶ್ರೂಷಕಿಯೇ ಮಧ್ಯಾಹ್ನ ನವಜಾತ ಶಿಶುವನ್ನು ಎತ್ತಿಕೊಳ್ಳುತ್ತಾರೆ. ಆರು ತಿಂಗಳೊಳಗಿನ ಶಿಶುಗಳಿಗೆ ಇನ್‌ಫ್ಲುಯೆಂಜಾ ಲಸಿಕೆ ನೀಡುವಂತಿಲ್ಲ. ಅಂತಹ ಶಿಶುವಿಗೆ ಇರುವ ರಕ್ಷಣೆ ಎಂದರೆ ಅದರ ತಾಯಿಯ ಹಾಗೂ ಅದನ್ನು ಮುಟ್ಟುವವರ ಆರೋಗ್ಯ. ಗರ್ಭಿಣಿಯರು, ವೃದ್ಧರು, ಮಧುಮೇಹ, ಹೃದಯ ಮತ್ತು ಶ್ವಾಸಕೋಶದ ಕಾಯಿಲೆ ಉಳ್ಳವರಿಗೂ ಈ ಸೋಂಕು ಗಂಭೀರವಾಗಬಹುದು.

ಹಿಂದಿನ ಅನುಭವ

ವಿಶ್ವ ಆರೋಗ್ಯ ಸಂಸ್ಥೆಯು 2009ರ ಜೂನ್ 11ರಂದು ಎಚ್1ಎನ್1 ಇನ್‌ಫ್ಲುಯೆಂಜಾವನ್ನು ಜಾಗತಿಕ ಪಿಡುಗು ಎಂದು ಘೋಷಿಸಿತು. ಕರ್ನಾಟಕದಲ್ಲಿಯೂ ಅದೇ ವರ್ಷ ಸಾವುಗಳು ಸಂಭವಿಸಿದವು. 2010ರಲ್ಲಿ ದೇಶಕ್ಕೆ ತರಿಸಲಾದ ಲಸಿಕೆಯನ್ನು ಮುಂಚೂಣಿ ಆರೋಗ್ಯ ಸಿಬ್ಬಂದಿಗೆ ಮೀಸಲಿಡಲಾಯಿತು. 2023ರ ಮಾರ್ಚ್ 1ರಂದು ನೆರೆಯ ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನ 82 ವರ್ಷದ ವೃದ್ಧರೊಬ್ಬರು ಎಚ್3ಎನ್2 ಸೋಂಕಿನಿಂದ ಮೃತಪಟ್ಟರು. ಅದೇ ತಿಂಗಳು ಆಗಿನ ಆರೋಗ್ಯ ಸಚಿವ ಡಾ. ಕೆ. ಸುಧಾಕರ್ ಅವರು ಆಸ್ಪತ್ರೆ ಸಿಬ್ಬಂದಿಗೆ ಮಾಸ್ಕ್ ಕಡ್ಡಾಯಗೊಳಿಸುವುದಾಗಿಯೂ ಲಸಿಕೆ ನೀಡುವುದಾಗಿಯೂ ಪ್ರಕಟಿಸಿದರು.

ಆಸ್ಪತ್ರೆಗಳಲ್ಲಿ ಅನುಸರಿಸಬೇಕಾದ ಕ್ರಮಗಳು

1. ಲಸಿಕೆ: ವೈರಾಣುವಿನ ಸ್ವರೂಪ ಬದಲಾಗುತ್ತಿರುವುದರಿಂದ ಲಸಿಕೆಯನ್ನು ಪ್ರತಿ ವರ್ಷ ಪಡೆಯಬೇಕು. ರಕ್ಷಣೆ ದೊರೆಯಲು ಸುಮಾರು ಎರಡು ವಾರ ಬೇಕಾಗುತ್ತದೆ. ನಿಷ್ಕ್ರಿಯ ವೈರಾಣುವಿನ ಚುಚ್ಚುಮದ್ದಿನಿಂದ ಫ್ಲೂ ಜ್ವರ ಬರುವುದಿಲ್ಲ. ಲಸಿಕೆಯ ರಕ್ಷಣೆ ಸಂಪೂರ್ಣವಲ್ಲದ ಕಾರಣ ಉಳಿದ ಕ್ರಮಗಳನ್ನೂ ಪಾಲಿಸಬೇಕು.

2. ಪ್ರತ್ಯೇಕತೆ: ಜ್ವರ, ಕೆಮ್ಮು ಇರುವವರನ್ನು ಪ್ರವೇಶ ಸ್ಥಳದಲ್ಲಿಯೇ ಗುರುತಿಸಿ, ಮಾಸ್ಕ್ ನೀಡಿ, ಗಾಳಿ ಬೆಳಕು ಇರುವ ಜಾಗದಲ್ಲಿ ಬೇರೆಯಾಗಿ ಕೂರಿಸಬೇಕು.

3. ಕೈಗಳ ಸ್ವಚ್ಛತೆ: ಪ್ರತಿ ರೋಗಿಯನ್ನು ಮುಟ್ಟುವ ಮುನ್ನ ಹಾಗೂ ಮುಟ್ಟಿದ ನಂತರ ಸೋಪು ನೀರಿನಿಂದ ಅಥವಾ ಸ್ಯಾನಿಟೈಸರ್‌ನಿಂದ ಕೈ ಶುಚಿಗೊಳಿಸಬೇಕು.

4. ಮಾಸ್ಕ್: ಸಾಮಾನ್ಯ ತಪಾಸಣೆಗೆ ಮೂರು ಪದರದ ಮಾಸ್ಕ್, ಶ್ವಾಸನಾಳಕ್ಕೆ ನಳಿಕೆ ಅಳವಡಿಸುವಂತಹ ಸಂದರ್ಭಗಳಲ್ಲಿ ಎನ್95 ಮಾಸ್ಕ್ ಧರಿಸಬೇಕು.

5. ವಿಶ್ರಾಂತಿ: ಸೋಂಕಿನ ಲಕ್ಷಣವುಳ್ಳ ಸಿಬ್ಬಂದಿ, ಮಾತ್ರೆಯ ನೆರವಿಲ್ಲದೆ ಜ್ವರ ಇಳಿದು ಕನಿಷ್ಠ 24 ಗಂಟೆ ಕಳೆಯುವವರೆಗೆ ಕರ್ತವ್ಯದಿಂದ ದೂರವಿರಬೇಕು. ಇಂತಹ ರಜೆಯನ್ನು ಸಾರ್ವಜನಿಕರು ಕರ್ತವ್ಯಲೋಪವೆಂದು ಭಾವಿಸಬಾರದು. ಜ್ವರವಿರುವ ಸಿಬ್ಬಂದಿ ಕೆಲಸಕ್ಕೆ ಬಂದರೆ ಆಗುವ ನಷ್ಟ ಹೆಚ್ಚು.

ಸಾರ್ವಜನಿಕರಲ್ಲಿ ಕೋರಿಕೆ

• ಜ್ವರ, ಕೆಮ್ಮು ಇದ್ದಲ್ಲಿ ಚೀಟಿ ಮಾಡಿಸುವಾಗಲೇ ತಿಳಿಸಿ. ಮಾಸ್ಕ್ ಇಲ್ಲದಿದ್ದರೆ ಕರವಸ್ತ್ರ, ಟವೆಲ್ ಅಥವಾ ಸೀರೆಯ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಳ್ಳಿ.

• ಪ್ರಮಾಣ ಪತ್ರದಂತಹ ತುರ್ತಿಲ್ಲದ ಕೆಲಸವಿದ್ದಲ್ಲಿ ಗುಣವಾದ ಬಳಿಕ ಬನ್ನಿ. ಅರ್ಜಿದಾರರೇ ಹಾಜರಾಗಬೇಕಿಲ್ಲದ ಕೆಲಸಕ್ಕೆ ಮನೆಯ ಬೇರೊಬ್ಬರನ್ನು ಕಳುಹಿಸಿ. ಜನನ, ಮರಣದ ಮಾಹಿತಿ ನೀಡಲು 21 ದಿನಗಳ ಕಾಲಾವಕಾಶವಿರುವುದರಿಂದ ಜ್ವರದಲ್ಲಿ ಬಂದು ಸಾಲಿನಲ್ಲಿ ನಿಲ್ಲುವ ಅಗತ್ಯವಿಲ್ಲ.

• ರೋಗಿಯೊಂದಿಗೆ ಒಬ್ಬರು ಮಾತ್ರ ಬನ್ನಿ. ಬಾಣಂತಿ ಹಾಗೂ ಮಗುವನ್ನು ನೋಡಲು ಕೆಮ್ಮು ನೆಗಡಿ ಇರುವವರು ಹೋಗಬೇಡಿ.

• ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಜ್ವರ ಪೀಡಿತರಿದ್ದರೆ ಬಾಗಿಲಲ್ಲಿಯೇ ತಿಳಿಸಿ.

• ಆಸ್ಪತ್ರೆಯ ಆವರಣದಲ್ಲಿ ಉಗುಳಬೇಡಿ.

ಯಾವಾಗ ತಡಮಾಡಬಾರದು?

ಸೌಮ್ಯ ಜ್ವರ, ಕೆಮ್ಮು ಮಾತ್ರ ಇದ್ದವರಿಗೆ ಪರೀಕ್ಷೆಯ ಅಗತ್ಯವಿಲ್ಲ. ಮನೆಯಲ್ಲಿ ವಿಶ್ರಾಂತಿ ಸಾಕು. ಆ್ಯಂಟಿಬಯೋಟಿಕ್ ಮಾತ್ರೆಗಳು ವೈರಾಣುವಿನ ಮೇಲೆ ಕೆಲಸ ಮಾಡುವುದಿಲ್ಲ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, 65 ವರ್ಷ ಮೀರಿದವರು ಹಾಗೂ ದೀರ್ಘಕಾಲದ ಕಾಯಿಲೆ ಉಳ್ಳವರು ಬೇಗನೆ ವೈದ್ಯರನ್ನು ಕಾಣಬೇಕು. ವೈದ್ಯರು ಒಸೆಲ್ಟಾಮಿವಿರ್ ಔಷಧ ಸೂಚಿಸಿದಲ್ಲಿ ಲಕ್ಷಣ ಆರಂಭವಾದ 48 ಗಂಟೆಗಳೊಳಗೆ ತೆಗೆದುಕೊಂಡರೆ ಹೆಚ್ಚು ಪರಿಣಾಮಕಾರಿ.

ಉಸಿರಾಟದ ತೊಂದರೆ, ಎದೆನೋವು, ಕಫದಲ್ಲಿ ರಕ್ತ, ಉಗುರು ನೀಲಿಗಟ್ಟುವುದು, ಮಗು ಹಾಲು ಕುಡಿಯದೆ ಮಂಕಾಗುವುದು ಇವುಗಳಲ್ಲಿ ಯಾವುದೇ ಲಕ್ಷಣ ಕಂಡರೂ ಕೂಡಲೇ ಆಸ್ಪತ್ರೆಗೆ ಕರೆತರಬೇಕು. ಮೇಲೆ ಕೋರಿರುವ ಯಾವ ಅಂಶವೂ ತುರ್ತು ಚಿಕಿತ್ಸೆಗೆ ಅಡ್ಡಿಯಲ್ಲ. ಆಂಬುಲೆನ್ಸ್‌ಗಾಗಿ 108, ಆರೋಗ್ಯ ಸಲಹೆಗಾಗಿ 104 ಸಂಖ್ಯೆಗೆ ಕರೆ ಮಾಡಬಹುದು. ಹೆಚ್ಚಿನ ಮಾಹಿತಿಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಸಂಪರ್ಕಿಸಲು ಹಾಗೂ ಸಿಬ್ಬಂದಿಯೊಂದಿಗೆ ಸಹಕರಿಸಲು ಸಾರ್ವಜನಿಕರನ್ನು ಕೋರಲಾಗಿದೆ.