ಕಾಂಡದ ದಪ್ಪದಿಂದ ಮರದ ಎತ್ತರ

ಉಷ್ಣವಲಯದ ದಟ್ಟ ಕಾಡಿನಲ್ಲಿ ಮರದ ದಪ್ಪ ಅಳೆಯುವುದು ಸುಲಭ, ಎತ್ತರ ಅಳೆಯುವುದು ಕಷ್ಟ. ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.3 ಮೀಟರ್ ಮೇಲೆ, ಕಾಂಡಕ್ಕೆ ಟೇಪು ಸುತ್ತಿ, ಬಂದ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ಸುತ್ತಳತೆ 157 ಸೆಂ.ಮೀ. ಇದ್ದರೆ ವ್ಯಾಸ 50 ಸೆಂ.ಮೀ. ಬುಡದಲ್ಲಿ ಹಲಗೆಬೇರುಗಳಿರುವ ಮರಕ್ಕೆ ಮಾತ್ರ ಟೇಪನ್ನು ಬೇರು ಮುಗಿದ ಮೇಲೆ ಸುತ್ತಬೇಕು. ಎತ್ತರದ ವಿಷಯ ಹಾಗಲ್ಲ. ಕೆಳಗೆ ನಿಂತವರಿಗೆ ತುದಿ ಕಾಣುವುದೇ ಅಪರೂಪ. ಹತ್ತಿರದ ಕೊಂಬೆಯನ್ನೇ ತುದಿಯೆಂದು ನಂಬಿ ಕೋನ ಅಳೆದರೆ ಲೆಕ್ಕ ಹಲವು ಮೀಟರ್ ತಪ್ಪುತ್ತದೆ. ಅದಕ್ಕಾಗಿ ಕೆಲವು ಮರಗಳ ಎತ್ತರವನ್ನಷ್ಟೇ ಜಾಗ್ರತೆಯಾಗಿ ಅಳೆದು, ಅದಕ್ಕೂ ವ್ಯಾಸಕ್ಕೂ ಇರುವ ನಂಟನ್ನು ಸೂತ್ರವಾಗಿಸಿ, ಉಳಿದ ಮರಗಳಿಗೆ ಅನ್ವಯಿಸುತ್ತಾರೆ.

ಈ ನಂಟು ನೇರ ಗೆರೆಯಲ್ಲ. ಜೆರೋಮ್ ಶಾವ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ, ಇಡೀ ಉಷ್ಣವಲಯಕ್ಕೆ ಅನ್ವಯಿಸುವ ಸೂತ್ರದಲ್ಲಿ ಹವಾಮಾನದ ತಿದ್ದುಪಡಿಯನ್ನು ಸೊನ್ನೆ ಎಂದಿಟ್ಟರೆ, 10 ಸೆಂ.ಮೀ. ದಪ್ಪದ ಮರ ಸುಮಾರು 12 ಮೀಟರ್, 50 ಸೆಂ.ಮೀ.ನದು 28 ಮೀಟರ್, 100 ಸೆಂ.ಮೀ.ನದು 39 ಮೀಟರ್ ಎತ್ತರವಿರುತ್ತದೆ. ದಪ್ಪ ಹತ್ತು ಪಟ್ಟು ಹೆಚ್ಚಿದರೂ ಎತ್ತರ ಮೂರು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೇ. ಎಳೆಯ ಮರ ಬೆಳಕಿಗಾಗಿ ಮೇಲೇರುವ ಆತುರದಲ್ಲಿರುತ್ತದೆ. ಕಾಡಿನ ಮೇಲ್ಛಾವಣಿ ಮುಟ್ಟಿದ ಬಳಿಕ ಇನ್ನೂ ಎತ್ತರಕ್ಕೆ ನೀರೆತ್ತುವುದೂ ಗಾಳಿಗೆ ಎದೆಯೊಡ್ಡುವುದೂ ದುಬಾರಿ. ಬೆಳವಣಿಗೆ ಕಾಂಡ ದಪ್ಪವಾಗುವ ಕಡೆಗೆ, ಹಂದರ ಹರಡುವ ಕಡೆಗೆ ತಿರುಗುತ್ತದೆ. ತನ್ನದೇ ಭಾರಕ್ಕೆ ಬಾಗದೆ ನಿಲ್ಲಬೇಕಾದರೆ ದಪ್ಪ ಎಂಟು ಪಟ್ಟಾದಾಗ ಎತ್ತರ ನಾಲ್ಕೇ ಪಟ್ಟಾಗಬೇಕು ಎಂದು ಥಾಮಸ್ ಮ್ಯಾಕ್‌ಮಹನ್ 1973ರಲ್ಲಿ ತೋರಿಸಿದ್ದರು. ದೊಡ್ಡ ಮರಗಳು ಆ ಮಿತಿಯಷ್ಟೂ ಬೆಳೆಯುವುದಿಲ್ಲ.

ದಪ್ಪಕ್ಕೂ ಎತ್ತರಕ್ಕೂ ಇರುವ ಈ ನಂಟು ಎಲ್ಲೆಡೆ ಒಂದೇ ಅಲ್ಲ, ಊರಿಗೊಂದು ಗೆರೆ ಬೇಕು. ಬೇಸಿಗೆ ದೀರ್ಘವಾದ ಒಣಕಾಡಿನಲ್ಲಿ ಅದೇ ದಪ್ಪದ ಮರ ಗಿಡ್ಡ. ಶಾವ್ ಸೂತ್ರದ ತಿದ್ದುಪಡಿ ಇರುವುದು ಮಳೆ, ಉಷ್ಣತೆಗಳ ಏರುಪೇರು ಮತ್ತು ನೀರಿನ ಕೊರತೆಯನ್ನು ಲೆಕ್ಕಕ್ಕೆ ತರಲು. ಆದರೆ ಹವಾಮಾನವೊಂದೇ ಕಾರಣವಲ್ಲ. ಆಗ್ನೇಯ ಏಷ್ಯಾದ ಮಳೆಕಾಡಿನ ಮರಗಳು ಅಷ್ಟೇ ದಪ್ಪದ ಅಮೆಜಾನ್ ಮರಗಳಿಗಿಂತ ಸಾಮಾನ್ಯವಾಗಿ ಎತ್ತರ. ಆಗ್ನೇಯ ಏಷ್ಯಾದಲ್ಲಿ ಡಿಪ್ಟೆರೋಕಾರ್ಪ್ ಎಂಬ ಮರಗಳ ಕುಟುಂಬದ್ದೇ ಮೇಲುಗೈ. ಪಶ್ಚಿಮ ಘಟ್ಟದ ಸಾಲುಧೂಪವೂ ಇದೇ ಬಳಗದ್ದು. ಬೋರ್ನಿಯೊದ ಸಬಾದಲ್ಲಿರುವ ‘ಮೆನಾರಾ’ ಎಂಬ ಮರವನ್ನು 2019ರಲ್ಲಿ ಹತ್ತಿ, ಟೇಪು ಇಳಿಬಿಟ್ಟು ಅಳೆದಾಗ 100.8 ಮೀಟರ್ ಬಂತು. ಅದರ ದಪ್ಪ ಎರಡು ಮೀಟರಿಗೆ ತುಸು ಹೆಚ್ಚು. ತಿದ್ದುಪಡಿಯಿಲ್ಲದ ಸೂತ್ರವನ್ನು ಕೇಳಿದರೆ ಎತ್ತರ 55 ಮೀಟರಿನ ಆಸುಪಾಸು ಎನ್ನುತ್ತದೆ!

ಇಂಥ ವಿಪರೀತಗಳನ್ನು ಬಿಟ್ಟರೂ ಒಂಟಿ ಮರದ ವಿಷಯದಲ್ಲಿ ಸೂತ್ರ ಕಾಲುಭಾಗದಷ್ಟು ಆಚೀಚೆ ಆಗುವುದು ಮಾಮೂಲು. 28 ಮೀಟರ್ ಎಂದ ಮರ 22 ಇರಬಹುದು, 36 ಇರಬಹುದು. ಸಾವಿರಾರು ಮರಗಳನ್ನು ಕೂಡಿಸಿದಾಗ ಈ ಹೆಚ್ಚುಕಡಿಮೆಗಳು ಬಹುಮಟ್ಟಿಗೆ ಒಂದನ್ನೊಂದು ತಿಂದುಹಾಕುತ್ತವೆ. ಬೇರೆ ಪ್ರದೇಶದ ಗೆರೆಯನ್ನು ತಂದರೆ ಮಾತ್ರ ತಪ್ಪೆಲ್ಲ ಒಂದೇ ಕಡೆಗೆ ವಾಲುತ್ತದೆ, ಅದು ಹೆಚ್ಚು ಅಪಾಯದ್ದು.

ಕಾಡಿನ ಇಂಗಾಲದ ಲೆಕ್ಕದಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಮರದ ತೂಕವನ್ನು ಕಟ್ಟಿಗೆಯ ಸಾಂದ್ರತೆ, ವ್ಯಾಸದ ವರ್ಗ, ಎತ್ತರ ಇವುಗಳ ಗುಣಲಬ್ಧದಿಂದ ಅಂದಾಜಿಸುವುದರಿಂದ ಎತ್ತರ ಶೇ 10ರಷ್ಟು ತಪ್ಪಿದರೆ ತೂಕವೂ ಹೆಚ್ಚುಕಡಿಮೆ ಅಷ್ಟೇ ತಪ್ಪುತ್ತದೆ. ಎತ್ತರವನ್ನು ಸೇರಿಸಿ ಲೆಕ್ಕ ಹಾಕಿದಾಗ ಉಷ್ಣವಲಯದ ಕಾಡುಗಳಲ್ಲಿ 28,500 ಕೋಟಿ ಟನ್ ಇಂಗಾಲವಿದೆ ಎಂದು ಬರುತ್ತದೆ. ಎತ್ತರವನ್ನು ಬಿಟ್ಟರೆ ಅದಕ್ಕಿಂತ ಸುಮಾರು 3,500 ಕೋಟಿ ಟನ್ ಹೆಚ್ಚು ಬರುತ್ತದೆ ಎಂದು, ಪ್ರದೇಶವಾರು ಎತ್ತರದ ಸೂತ್ರಗಳನ್ನು ಬಳಸಿದ 2012ರ ಅಧ್ಯಯನವೊಂದು ಹೇಳಿತು.

ಗಾಳಿಗೆ ತುದಿ ಮುರಿದ ಮರಕ್ಕೆ, ಬಯಲಲ್ಲಿ ಒಂಟಿಯಾಗಿ ಹರಡಿ ಬೆಳೆದ ಮರಕ್ಕೆ ಕಾಡಿನ ಸೂತ್ರ ಹೊಂದುವುದಿಲ್ಲ. ಅವುಗಳ ಎತ್ತರವನ್ನು ಅಳೆದೇ ತಿಳಿಯಬೇಕು.