ಹೊಸ 'ಡೂಮ್' ಬಂದಾಗಲೆಲ್ಲ ಹಳೆಯ ಜಗಳ



ಹಬ್ಬದಡುಗೆ, ದಾಸರ ಪದ, ಊರಿನ ನೆನಪು ಇವುಗಳ ನಡುವೆ ರಾಕ್ಷಸರನ್ನು ಗುಂಡಿಟ್ಟು ಕೊಲ್ಲುವ ಕಂಪ್ಯೂಟರ್ ಆಟದ ಬಗ್ಗೆ ಲೇಖನವೇ ಎಂದು ನಿಮ್ಮ ತಂದೆ ತಾಯಿ ಹುಬ್ಬೇರಿಸಿದರೆ ಏರಿಸಲಿ. ಹುಡುಗರು ನಮ್ಮ ಪತ್ರಿಕೆ ಓದುವುದಿಲ್ಲ ಎಂಬ ದೂರು ಸಂಘದಲ್ಲಿ ವರ್ಷವಿಡೀ ಕೇಳಿಬರುತ್ತದೆ. ನಿಮ್ಮದೇ ವಿಷಯ ಬರೆದರೆ ಓದಿಯಾರು ಎಂಬ ಆಸೆ ನನಗೆ. ಅಲ್ಲದೆ ನಮ್ಮ ಮನೆಯಲ್ಲಿ ಮೂವರು ಈ ಆಟದ ಹುಚ್ಚಿನವರು. ಅವರ ವಾದ ವಿವಾದಗಳಿಗೆ ವರ್ಷಗಟ್ಟಲೆ ಚಹಾ ಒದಗಿಸಿದವಳಿಗೆ ಇಷ್ಟು ಬರೆಯುವ ಅಧಿಕಾರ ಇದೆಯಲ್ಲವೇ?

'ಡೂಮ್' ಹುಟ್ಟಿದ್ದು ಅಮೆರಿಕದ ಟೆಕ್ಸಾಸ್ ರಾಜ್ಯದ ಮೆಸ್ಕೀಟ್ ಎಂಬ ಊರಿನಲ್ಲಿ. ಬೆರಳೆಣಿಕೆಯ ಹುಡುಗರು ಕಟ್ಟಿಕೊಂಡಿದ್ದ ಇಡ್ ಸಾಫ್ಟ್‌ವೇರ್ ಸಂಸ್ಥೆ 1993ರ ಡಿಸೆಂಬರ್ 10ರಂದು ಅದನ್ನು ಹೊರತಂದಿತು. ಮಂಗಳ ಗ್ರಹದ ಉಪಗ್ರಹಗಳಲ್ಲಿ ನರಕದಿಂದ ನುಗ್ಗಿಬಂದ ರಾಕ್ಷಸರನ್ನು ಒಂಟಿ ಸೈನಿಕನೊಬ್ಬ ಎದುರಿಸಬೇಕು, ನೀವೇ ಆ ಸೈನಿಕ, ಅವನ ಕಣ್ಣಿಗೆ ಕಂಡಷ್ಟೇ ನಿಮಗೂ ಕಾಣುವುದು. ಕತೆ ಇಷ್ಟೇ. ಆದರೆ ಅದನ್ನು ಮಾರಿದ ರೀತಿ ವಿಚಿತ್ರವಾಗಿತ್ತು. ಮೂರು ಭಾಗಗಳಲ್ಲಿ ಮೊದಲನೆಯದನ್ನು, ಅಂದರೆ 9 ಹಂತಗಳನ್ನು, ಪುಕ್ಕಟೆ ಕೊಟ್ಟರು. ಹಿಡಿಸಿದರೆ ಹಣ ಕಳಿಸಿ ಉಳಿದೆರಡು ತರಿಸಿಕೊಳ್ಳಿ ಎಂದರು. ಆಡುವವರು ತಾವೇ ಹೊಸ ಹಂತಗಳನ್ನು ರಚಿಸಿ ಸೇರಿಸಿಕೊಳ್ಳುವಂತೆ ಆಟವನ್ನು ಕಟ್ಟಿದ್ದರು. 1997ರಲ್ಲಿ ಅದರ ಮೂಲ ಪ್ರೋಗ್ರಾಮನ್ನೇ ಎಲ್ಲರಿಗೂ ಬಿಟ್ಟುಕೊಟ್ಟರು. ಕ್ಯಾಲ್ಕುಲೇಟರ್, ಪ್ರಿಂಟರ್‌ಗಳ ಮೇಲೂ ಡೂಮ್ ಓಡಿಸಿ ತೋರಿಸುವ ಚಾಳಿ ಲೋಕದಲ್ಲೆಲ್ಲ ಹಬ್ಬಿದ್ದು ಹೀಗೆ. ಹಾಗೆ ಕೈಗೆ ಬಿಟ್ಟುಕೊಟ್ಟ ಮೇಲೆ, ಮುಂದಿನದು ಇಂಥದ್ದೇ ಇರಬೇಕೆಂದು ಕೇಳುವ ಹಕ್ಕು ತಮಗೂ ಉಂಟೆಂದು ಆಡುವವರು ಭಾವಿಸಿದ್ದರಲ್ಲಿ ಆಶ್ಚರ್ಯವೇನು?

(ಅಂದ ಹಾಗೆ, 'ಡೂಮ್' ಎಂದರೆ ವಿನಾಶ ಎಂದಷ್ಟೇ ನೀವು ತಿಳಿದಿರಬಹುದು. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ತೀರ್ಪು ಎಂಬ ಅರ್ಥ. 'ಡೂಮ್ಸ್‌ಡೇ' ಎಂದರೆ ತೀರ್ಪಿನ ದಿನ. ಈ ಸರಣಿಯ ಪ್ರತಿಯೊಂದು ಆಟದ ಮೇಲೂ ಅದು ಬರುವ ಮೊದಲೇ ಜನ ಕೊಡುವ ತೀರ್ಪುಗಳನ್ನು ಕೇಳಿದಾಗ ನನಗೆ ನೆನಪಾಗುವುದು ಈ ಅರ್ಥವೇ.)

ನಮ್ಮ ಮನೆಯ ಮೂವರಲ್ಲಿ ನನ್ನ ಮೈದುನ ಮೊದಲ ಡೂಮ್ ಕಾಲದವನು. ಮಗ 2016ರ ಡೂಮ್ ಆಡಿ ಮನಸೋತವನು. ನಾದಿನಿಯ ಮಗನಿಗೆ 'ಡೂಮ್ ಎಟರ್ನಲ್' ಬಿಟ್ಟರೆ ಉಳಿದದ್ದೆಲ್ಲ ಸಪ್ಪೆ. ಹೊಸದರ ಸುದ್ದಿ ಬಂತೆಂದರೆ ಮೂವರೂ ಹೇಳುವ ಮಾತು ಒಂದೇ, 'ನಿಜವಾದ ಡೂಮ್ ಹೀಗಿರುವುದಿಲ್ಲ'. ಆದರೆ ಆ ನಿಜವಾದ ಡೂಮ್ ಯಾವುದು ಎಂದು ಕೇಳಿ ನೋಡಿ, ಮೂರು ಉತ್ತರ. ಯಾರು ಯಾವುದನ್ನು ಮೊದಲು ಕಂಡರೋ ಅವರಿಗೆ ಅದೇ ನಿಜ.

2004ರಲ್ಲಿ ಬಂದ 'ಡೂಮ್ 3' ಈ ಜಗಳದ ಮೊದಲ ದೊಡ್ಡ ಅಧ್ಯಾಯ. ಎರಡು ವರ್ಷ ಮೊದಲೇ ಲಾಸ್ ಏಂಜಲೀಸ್‌ನ ಇ3 ಪ್ರದರ್ಶನದಲ್ಲಿ ಅದರ ತುಣುಕು ಕಂಡವರು ಬೆರಗಾಗಿದ್ದರು. ಜಾನ್ ಕಾರ್ಮ್ಯಾಕ್ ಬರೆದ ಹೊಸ ತಂತ್ರದಿಂದ ಬೆಳಕು ಅಲುಗಿದಂತೆ ನೆರಳೂ ಅಲುಗುತ್ತಿತ್ತು. ಆಟ ಕೈಗೆ ಬಂದಾಗ ನೋಡಿದರೆ ಎಲ್ಲೆಲ್ಲೂ ಕತ್ತಲು, ನಿಧಾನ ನಡಿಗೆ. ಹಿಂಡು ಹಿಂಡಾಗಿ ಬರುತ್ತಿದ್ದ ರಾಕ್ಷಸರ ಬದಲು ಮೂಲೆಯಿಂದ ಒಬ್ಬೊಬ್ಬನೇ ಹಾರಿ ಹೆದರಿಸುತ್ತಿದ್ದ. ಟಾರ್ಚ್ ಹಿಡಿದರೆ ಬಂದೂಕು ಇಲ್ಲ, ಬಂದೂಕು ಹಿಡಿದರೆ ಟಾರ್ಚ್ ಇಲ್ಲ! ಆಡುವವರೇ ತಡಮಾಡದೆ ಬಂದೂಕಿಗೆ ಟಾರ್ಚ್ ಅಂಟಿಸುವ ಉಪಾಯ ರಚಿಸಿ ಹಂಚಿಕೊಂಡರು, ಅದಕ್ಕೆ 'ಡಕ್ಟ್ ಟೇಪ್' ಎಂದೇ ಹೆಸರಿಟ್ಟರು. 2012ರ ಮರುಆವೃತ್ತಿಯಲ್ಲಿ ಸಂಸ್ಥೆಯೇ ಸೈನಿಕನ ಕವಚಕ್ಕೆ ಟಾರ್ಚ್ ಸಿಕ್ಕಿಸಿಕೊಟ್ಟಿತು. ಆಟ ಚೆನ್ನಾಗಿಯೇ ಮಾರಾಟವಾಯಿತು, ಆದರೂ 'ಇದು ಡೂಮ್ ಅಲ್ಲ' ಎಂಬ ಮಾತು ಅಂಟಿಕೊಂಡೇ ಉಳಿಯಿತು.

ಮುಂದಿನದು ಬಹಳ ರಸವತ್ತಾದದ್ದು. ನಾಲ್ಕನೆಯ ಡೂಮ್ ಬರುತ್ತದೆಂದು 2008ರಲ್ಲಿ ಘೋಷಿಸಿದರು. ಮರುವರ್ಷವೇ ಇಡ್ ಸಂಸ್ಥೆಯನ್ನು ಜೆನಿಮ್ಯಾಕ್ಸ್ ಕೊಂಡಿತು. ವರ್ಷಗಳು ಉರುಳಿದವು, ಆಟ ಬರಲಿಲ್ಲ. ತಯಾರಾಗುತ್ತಿದ್ದದ್ದು ಆಗ ಹೆಸರು ಮಾಡಿದ್ದ 'ಕಾಲ್ ಆಫ್ ಡ್ಯೂಟಿ'ಯಂತೆ ಕಂಡಿದ್ದರಿಂದ ಅದಕ್ಕೆ 'ಕಾಲ್ ಆಫ್ ಡೂಮ್' ಎಂಬ ಅಡ್ಡಹೆಸರು ಬಿತ್ತು. ಕೊನೆಗೆ ಮಾಡಿದ್ದನ್ನು ಕೈಬಿಟ್ಟು ಮೊದಲಿನಿಂದ ಶುರುಮಾಡಿದರು. 2013ರಲ್ಲಿ ಕಾರ್ಮ್ಯಾಕ್ ಸಂಸ್ಥೆಯನ್ನೇ ಬಿಟ್ಟರು. 2016ರ ಏಪ್ರಿಲ್‌ನಲ್ಲಿ, ಹಲವರು ಕೂಡಿ ಆಡುವ ಭಾಗವನ್ನಷ್ಟೇ ಪ್ರಯೋಗಕ್ಕೆ ಬಿಟ್ಟಾಗ ಆಡಿದವರಲ್ಲಿ ಬಹುಮಂದಿ ಬೈದರು. ಮೇಲಾಗಿ ವಿಮರ್ಶಕರಿಗೆ ಪ್ರತಿಗಳು ಮುಂಚಿತವಾಗಿ ಸಿಗಲಿಲ್ಲ. ಮುಚ್ಚಿಡುತ್ತಿದ್ದಾರೆ ಎಂದರೆ ಹಳಸಿದೆ ಎಂದೇ ಅರ್ಥ ಎಂದು ನನ್ನ ಮಗನೂ ತೀರ್ಪು ಕೊಟ್ಟಿದ್ದ.

ಮೇ 13ರಂದು ಆಟ ಬಂತು. ಒಬ್ಬನೇ ಆಡುವ ಕಥಾಭಾಗ ಎಲ್ಲರ ಬಾಯಿ ಮುಚ್ಚಿಸಿತು! ನಿರ್ದೇಶಕರಾದ ಮಾರ್ಟಿ ಸ್ಟ್ರ್ಯಾಟನ್ ಮತ್ತು ಹ್ಯೂಗೊ ಮಾರ್ಟಿನ್ ಹಳೆಯ ಆಟದ ನಕಲು ಮಾಡಿರಲಿಲ್ಲ, ಅದರ ಗುಣ ಹಿಡಿದಿದ್ದರು. ಬೇರೆ ಶೂಟರ್ ಆಟಗಳಲ್ಲಿ ಗಾಯಗೊಂಡವನು ಗೋಡೆಯ ಮರೆಯಲ್ಲಿ ಕೂತು ಚೇತರಿಸಿಕೊಳ್ಳುತ್ತಾನೆ. ಇಲ್ಲಿ ಆರೋಗ್ಯ ಬೇಕಾದರೆ ಶತ್ರುವಿನ ಮೈಮೇಲೇ ನುಗ್ಗಬೇಕು, ಬಳಲಿದ ರಾಕ್ಷಸನನ್ನು ಕೈಯಾರೆ ಮುಗಿಸಿದರೆ ನಿಮಗೆ ಜೀವ ಬರುತ್ತದೆ. ಹೆದರಿದಾಗ ಹಿಂದೆ ಸರಿಯುವ ಬದಲು ಮುನ್ನುಗ್ಗುವಂತೆ ಮಾಡುವ ಈ ಒಂದು ನಿಯಮವೇ ಆಟದ ಪ್ರಾಣ. ಜತೆಗೆ ಮಿಕ್ ಗಾರ್ಡನ್ ಅವರ ಅಬ್ಬರದ ಸಂಗೀತ. (ನನ್ನ ಅಡುಗೆಮನೆಯ ಡಬ್ಬಿಗಳು ಅದಕ್ಕೆ ತಾಳ ಹಾಕುತ್ತಿದ್ದವು.)

ಮಳೆಗಾಲದಲ್ಲಿ ಕರಾವಳಿಯಿಂದ ಮುಂಬಯಿಗೆ ಯಕ್ಷಗಾನ ಕಲಾವಿದರು ಬರುತ್ತಾರಲ್ಲ, ಆಗ ಹಿರಿಯರನ್ನು ಗಮನಿಸಿ. ಪೌರಾಣಿಕ ಪ್ರಸಂಗವೆಂದರೆ ಕತೆ ಅಂಗೈ ನೆಲ್ಲಿಕಾಯಿ, ಹೊಸತೇನೂ ಇಲ್ಲ. ಆದರೂ ಅರ್ಧಕ್ಕರ್ಧ ಸಭೆ ಇಂದಿನ ವೇಷಧಾರಿ ಹೊಸ ಮಾತೇನು ಹೇಳುತ್ತಾನೆಂದು ಕಾದಿರುತ್ತದೆ. ಉಳಿದರ್ಧ ಅವನು ಹಳೆಯ ಕುಣಿತ ಎಲ್ಲಿ ಕೆಡಿಸುತ್ತಾನೆಂದು ಕಾದಿರುತ್ತದೆ. ಬಹಳ ಸಲ ಒಬ್ಬರೇ ಮನುಷ್ಯರು ಎರಡಕ್ಕೂ ಕಾದಿರುತ್ತಾರೆ! ನಿಮ್ಮ ಮೇಲೆ ನಾವು ಹಿರಿಯರು ಇಟ್ಟಿರುವ ನಿರೀಕ್ಷೆಯೂ ಹೀಗೇ ಎಂದು ನೀವು ಗೊಣಗುವುದನ್ನು ಕೇಳಿದ್ದೇನೆ. ಶುದ್ಧ ಕನ್ನಡ ಬೇಕು, ಕಾನ್ವೆಂಟ್ ಇಂಗ್ಲಿಷೂ ಬೇಕು. ಅಜ್ಜನಂತಿರಬೇಕು, ಅಜ್ಜನಿದ್ದಲ್ಲೇ ಇರಬಾರದು. ಗೊಣಗಾಟ ನ್ಯಾಯವೇ. ಆದರೆ ಹೊಸ ಡೂಮ್ ಮುಂದೆ ಕೂತಾಗ ನೀವೂ ನಮ್ಮಂತೆಯೇ ಆಡುತ್ತೀರಲ್ಲ!

'ಡೂಮ್ ಎಟರ್ನಲ್' ವಿಷಯದಲ್ಲಿ ಆದದ್ದು ಇದೇ. ಅದು ಬಂದದ್ದು 2020ರ ಮಾರ್ಚ್ 20ರಂದು, ಎರಡು ದಿನಕ್ಕೆ ಜನತಾ ಕರ್ಫ್ಯೂ, ಆಮೇಲೆ ಲಾಕ್‌ಡೌನ್. ಎಲ್ಲರೂ ಮನೆಯಲ್ಲೇ ಇದ್ದುದರಿಂದ ಬೈಗುಳವೆಲ್ಲ ನನ್ನ ಕಿವಿಗೂ ಬಿತ್ತು. ಹಿಂದಿನದನ್ನು ಕೊಂಡಾಡಿದವರು ಈ ಸಲ ಅದರದ್ದೇ ಮುಂದುವರಿಕೆ ಬಯಸಿದ್ದರು. ಸಿಕ್ಕಿದ್ದು ಇನ್ನೂ ವೇಗದ, ಲೆಕ್ಕಾಚಾರದ ಆಟ. ಗುಂಡು ಬೇಗ ಮುಗಿಯುತ್ತದೆ, ಗುಂಡಿಗೆ ಗರಗಸ, ಕವಚಕ್ಕೆ ಬೆಂಕಿ, ಜೀವಕ್ಕೆ ಕೈಹೊಡೆತ ಎಂದು ಒಂದೊಂದಕ್ಕೂ ಒಂದೊಂದು ಉಪಾಯ. ಮರೌಡರ್ ಎಂಬ ರಾಕ್ಷಸನ ಕಣ್ಣು ಹಸಿರಾಗಿ ಮಿಂಚಿದ ಕ್ಷಣದಲ್ಲೇ ಹೊಡೆಯಬೇಕು. ಮಗ ಸಿಟ್ಟಾದ. ನಾದಿನಿಯ ಮಗ ಸ್ವರ್ಗಕ್ಕೇ ಏರಿದ.

ಆಮೇಲೆ 2024ರ ಜೂನ್‌ನಲ್ಲಿ 'ಡೂಮ್: ದಿ ಡಾರ್ಕ್ ಏಜಸ್' ಘೋಷಣೆಯಾಯಿತು. ಅಷ್ಟರಲ್ಲಿ ಜೆನಿಮ್ಯಾಕ್ಸನ್ನು ಮೈಕ್ರೋಸಾಫ್ಟ್ ಕೊಂಡಾಗಿತ್ತು. ಮಧ್ಯಯುಗದ ಕೋಟೆ, ಕೈಯಲ್ಲಿ ಗರಗಸದಂಚಿನ ಗುರಾಣಿ, ಸವಾರಿಗೆ ಡ್ರ್ಯಾಗನ್. ಎಟರ್ನಲ್‌ನಲ್ಲಿ ನೀವು ಯುದ್ಧವಿಮಾನದಂತಿದ್ದರೆ ಇಲ್ಲಿ ಟ್ಯಾಂಕಿನಂತೆ ನೆಲಕಚ್ಚಿ ನಿಲ್ಲುತ್ತೀರಿ ಎಂದು ಹ್ಯೂಗೊ ಮಾರ್ಟಿನ್ ಮುಂಚೆಯೇ ವಿವರಿಸಿದರು. ಎರಡು ಬಾರಿ ಜಿಗಿಯುವ ಸೌಲಭ್ಯ ಹೋಯಿತು, ಹಲವರು ಕೂಡಿ ಆಡುವ ಭಾಗವೇ ಇಲ್ಲ, ಸಂಗೀತ ಮಿಕ್ ಗಾರ್ಡನ್ನರದಲ್ಲ. ಮೈದುನನಿಗೆ ಸಂತೋಷ, ನಾದಿನಿಯ ಮಗನಿಗೆ ಸೂತಕ, ನನ್ನ ಮಗ ಅತ್ತಲೂ ಇಲ್ಲ ಇತ್ತಲೂ ಇಲ್ಲ. ನನ್ನ ದೃಷ್ಟಿಯಲ್ಲಿ ಅವರ ದೂರುಗಳಲ್ಲೆಲ್ಲ ಗಟ್ಟಿಯಾದದ್ದು ಬೇರೆಯೇ. ಬೆಳಕಿನ ಕಿರಣಗಳನ್ನು ಲೆಕ್ಕಹಾಕಬಲ್ಲ ಹೊಸ ಬಗೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಈ ಆಟ ಕಂಪ್ಯೂಟರಿನಲ್ಲಿ ಓಡುವುದೇ ಇಲ್ಲ. ಪ್ರಿಂಟರಿನ ಮೇಲೂ ಓಡಿದ ಆಟದ ವಂಶದಲ್ಲಿ ಇದು! ಬೆಲೆಯೂ ಅಮೆರಿಕದಲ್ಲಿ 60 ಡಾಲರ್‌ನಿಂದ 70ಕ್ಕೆ ಏರಿತು.

2025ರ ಮೇ 15ರಂದು ಅದು ಹೊರಬಂತು. ವಿಮರ್ಶಕರಲ್ಲಿ ಹೆಚ್ಚಿನವರು ಮೆಚ್ಚಿದರು. ಸ್ಟೀಮ್‌ನಲ್ಲಿ ಎಟರ್ನಲ್ ಅನ್ನು ಒಂದೇ ಹೊತ್ತಿಗೆ ಆಡಿದವರ ಸಂಖ್ಯೆ ಒಮ್ಮೆ 1 ಲಕ್ಷ ದಾಟಿತ್ತು, ಇದಕ್ಕೆ ಸುಮಾರು 31 ಸಾವಿರ. 'ನೋಡಿದಿರಾ, ಸೋತಿತು' ಎಂದ ನಾದಿನಿಯ ಮಗ. ಆದರೆ ಮೊದಲ ವಾರದೊಳಗೇ 30 ಲಕ್ಷ ಜನ ಆಡಿದ್ದಾರೆ, ಎಟರ್ನಲ್‌ಗಿಂತ ಏಳು ಪಟ್ಟು ಬೇಗ ಈ ಸಂಖ್ಯೆ ಮುಟ್ಟಿದೆ ಎಂದರು ಪ್ರಕಾಶಕರು. ತಿಂಗಳ ಚಂದಾ ಕಟ್ಟಿ ಆಡುವ ಗೇಮ್ ಪಾಸ್‌ನಲ್ಲೂ ಅದನ್ನು ಮೊದಲ ದಿನವೇ ಇಟ್ಟಿದ್ದರಲ್ಲ! ಅಂಗಡಿಗೆ ಬಂದವರನ್ನು ಎಣಿಸಿದರೆ ಒಂದು ಲೆಕ್ಕ, ಊಟಕ್ಕೆ ಕೂತವರನ್ನು ಎಣಿಸಿದರೆ ಇನ್ನೊಂದು ಲೆಕ್ಕ. ಇಬ್ಬರ ಲೆಕ್ಕವೂ ಸರಿಯೇ, ಜಗಳ ಮುಗಿಯುವಂತಿಲ್ಲ.

ಹಳೆಯ ಹೆಸರೊಂದೇ ಸಾಲದೆಂಬುದಕ್ಕೆ 'ಡ್ಯೂಕ್ ನ್ಯೂಕಮ್ ಫಾರೆವರ್' ಸಾಕ್ಷಿ. 1997ರಲ್ಲಿ ಘೋಷಿಸಿ, 14 ವರ್ಷ ಕಾಯಿಸಿ 2011ರಲ್ಲಿ ಬಂದದ್ದು ಕಾದವರನ್ನೇ ನಿರಾಶೆಗೊಳಿಸಿತು. 2016ರ ಡೂಮ್ ಅನ್ನು ಮುಂಚೆಯೇ ತಿರಸ್ಕರಿಸಿದವರೂ, ಡ್ಯೂಕ್‌ಗೆ ಮುಂಗಡ ಕೊಟ್ಟವರೂ ಆಡಿ ನೋಡದೆಯೇ ತೀರ್ಮಾನಿಸಿದವರು.

ಆದ್ದರಿಂದ ಮುಂದಿನ ಕಂತಿನ ಘೋಷಣೆಯಾದಾಗ ಜಗಳ ಧಾರಾಳವಾಗಿ ಆಡಿ, ಚಹಾ ನಾನು ಕೊಡುತ್ತೇನೆ. ಮುಂಗಡವಾಗಿ ಮಾತ್ರ ದುಡ್ಡು ಕಟ್ಟಬೇಡಿ. ಮೊದಲು ಆಡು, ಆಮೇಲೆ ಕೊಡು ಎಂದವರ ಆಟವಲ್ಲವೇ ಇದು? ನಿಮ್ಮ ಕಂಪ್ಯೂಟರಿನಲ್ಲಿ ಓಡುತ್ತದೋ ಇಲ್ಲವೋ ವಿಚಾರಿಸಿ, ಗೆಳೆಯನ ಮನೆಯಲ್ಲಿ ಒಂದು ಸಂಜೆ ಆಡಿ ನೋಡಿ. ಸ್ಟೀಮ್‌ನಲ್ಲಿ ಕೊಂಡಿದ್ದರೆ, ಕೊಂಡ 14 ದಿನಗಳೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದಲ್ಲಿ, ಕೇಳಿದರೆ ಹಣ ವಾಪಸು ಕೊಡುತ್ತಾರೆ. ನನ್ನ ಮಗ ಆ 2 ಗಂಟೆಗೆ ಅಡುಗೆಮನೆಯ ಗಡಿಯಾರದಲ್ಲಿ ಅಲಾರಂ ಇಟ್ಟುಕೊಂಡೇ ಕೂರುತ್ತಾನೆ.