ಶಿಶುಪಾಲಕಿಯರ ಸೇವೆಗೆ ನ್ಯಾಯವಾದ ಬೆಲೆ

ತಿರುಪ್ಪೂರಿನ ಹೆಣಿಗೆ ಉಡುಪು ಕಾರ್ಖಾನೆಗಳಿಗೆ ಹೊರಡುವ ಅನೇಕ ತಾಯಂದಿರ ದಿನಚರಿ ಅಂಗನವಾಡಿಯ ಬಾಗಿಲಿನಿಂದಲೇ ಆರಂಭವಾಗುತ್ತದೆ. ಕೊಯಮತ್ತೂರು ಸೀಮೆಯ ದೇವಾಂಗ ನೇಕಾರರಂತಹ ಕನ್ನಡ ಮನೆಮಾತಿನ ಕುಟುಂಬಗಳಲ್ಲಿ ಈ ಬಾಗಿಲಿಗೆ ಇನ್ನೊಂದು ಅರ್ಥವೂ ಉಂಟು. ಮನೆಯಲ್ಲಿ ಕನ್ನಡ, ಕೇಂದ್ರದಲ್ಲಿ ತಮಿಳು. ಎರಡರ ನಡುವೆ ಕೂಸಿನ ಕೈಹಿಡಿಯುವುದು ಕಾರ್ಯಕರ್ತೆಯ ಪರಿಚಿತ ಮುಖ. ಆಕೆ ಕೆಲಸ ತೊರೆದರೆ ಮಗು ನಂಬಿಕೆಯನ್ನು ಮೊದಲಿನಿಂದ ಕಟ್ಟಿಕೊಳ್ಳಬೇಕು. ಆದುದರಿಂದ ಆಕೆಯ ಸಂಬಳದ ಪ್ರಶ್ನೆ ಪೋಷಕರ ಪ್ರಶ್ನೆಯೂ ಹೌದು.

1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಈ ಮಹಿಳೆಯರನ್ನು ಗೌರವಧನ ಪಡೆಯುವ ಸ್ವಯಂಸೇವಕಿಯರೆಂದು ಪರಿಗಣಿಸಲಾಯಿತು. ಹೆಸರಿನಲ್ಲಿ ಗೌರವವಿತ್ತು, ಹಕ್ಕು ಇರಲಿಲ್ಲ. ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಣ ಪ್ರಕರಣದಲ್ಲಿ 2006ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಇವರದು ಸರ್ಕಾರಿ ನಾಗರಿಕ ಹುದ್ದೆಯಲ್ಲವೆಂದು ತೀರ್ಮಾನಿಸಿತು. ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಿಂದ ಕಾರ್ಯಕರ್ತೆಯ ಮಾಸಿಕ ಗೌರವಧನವನ್ನು 3,000 ರೂಪಾಯಿಯಿಂದ 4,500ಕ್ಕೂ, ಸಹಾಯಕಿಯದನ್ನು 1,500ರಿಂದ 2,250ಕ್ಕೂ ಏರಿಸಿತು. ಹತ್ತು ವರ್ಷ ದುಡಿದವಳಿಗೂ ನಿನ್ನೆ ಸೇರಿದವಳಿಗೂ ಈ ಮೊತ್ತ ಒಂದೇ.

ತಮಿಳುನಾಡು ಇಲ್ಲಿ ಬೇರೆ ಹಾದಿ ಹಿಡಿದಿದೆ. 2017ರ ವೇತನ ಪರಿಷ್ಕರಣೆಯಲ್ಲಿ ಕಾರ್ಯಕರ್ತೆಯರಿಗೆ 7,700ರಿಂದ 24,200 ರೂಪಾಯಿವರೆಗಿನ ವಿಶೇಷ ವೇತನ ಶ್ರೇಣಿ ದೊರೆಯಿತು. ಶ್ರೇಣಿ ಎಂದರೆ ವರ್ಷ ಉರುಳಿದಂತೆ ವೇತನವೂ ಏರುವುದು. ಅನುಭವಕ್ಕೆ ಬೆಲೆ ಕಟ್ಟುವ ಈ ಕ್ರಮವೇ ಕೆಲಸಗಾರ್ತಿಯನ್ನು ಕೆಲಸದಲ್ಲಿ ಉಳಿಸುವ ಮೊದಲ ಸಾಧನ.

ಎರಡನೆಯದು ಗ್ರಾಚ್ಯುಟಿ. ಗುಜರಾತಿನ ದಾಹೋದ್ ಜಿಲ್ಲೆಯ ಮಣಿಬೆನ್ ಪ್ರಕರಣದಲ್ಲಿ 2022ರ ಏಪ್ರಿಲ್ 25ರಂದು ಸರ್ವೋಚ್ಚ ನ್ಯಾಯಾಲಯವು, ಗೌರವಧನವೂ ಕಾನೂನಿನ ಅರ್ಥದಲ್ಲಿ ವೇತನವೇ, ಇದು ಅರೆಕಾಲಿಕ ಕೆಲಸವಲ್ಲ, 1972ರ ಗ್ರಾಚ್ಯುಟಿ ಕಾಯ್ದೆ ಕಾರ್ಯಕರ್ತೆ ಹಾಗೂ ಸಹಾಯಕಿಯರಿಬ್ಬರಿಗೂ ಅನ್ವಯಿಸುತ್ತದೆ ಎಂದು ಸಾರಿತು. ಆ ಕಾಯ್ದೆಯ ಲೆಕ್ಕದಂತೆ ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ವೇತನ; ತಿಂಗಳನ್ನು 26 ದಿನವೆಂದು ಎಣಿಸಲಾಗುತ್ತದೆ. ಕೊನೆಯ ವೇತನ 10,000 ರೂಪಾಯಿ, ಸೇವೆ ಇಪ್ಪತ್ತು ವರ್ಷ ಎಂದಾದರೆ ಮೊತ್ತ ಸುಮಾರು 1,15,000 ರೂಪಾಯಿ.

ಈ ಎರಡರ ನೆರಳೂ ಸರಿಯಾಗಿ ತಲುಪದ ಒಂದು ಮೂಲೆ ಕಾರ್ಖಾನೆಯ ಶಿಶುವಿಹಾರ. 1948ರ ಕಾರ್ಖಾನೆ ಕಾಯ್ದೆಯ 48ನೇ ಕಲಮು, ಮೂವತ್ತಕ್ಕಿಂತ ಹೆಚ್ಚು ಮಹಿಳೆಯರಿರುವ ಕಾರ್ಖಾನೆಯಲ್ಲಿ ಶಿಶುವಿಹಾರವನ್ನೂ, ಅದಕ್ಕೆ ತರಬೇತಿ ಪಡೆದ ಮಹಿಳೆಯ ಮೇಲ್ವಿಚಾರಣೆಯನ್ನೂ ಕಡ್ಡಾಯಗೊಳಿಸಿತು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ, ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಇದೇ ಹೊಣೆ ವಿಧಿಸಿ, ತಾಯಿಗೆ ದಿನಕ್ಕೆ ನಾಲ್ಕು ಸಲ ಮಗುವನ್ನು ನೋಡುವ ಹಕ್ಕು ನೀಡಿತು. ಕಾನೂನು ಕೋಣೆಯ ಬಗ್ಗೆ, ತರಬೇತಿಯ ಬಗ್ಗೆ ಮಾತಾಡಿತು; ಆ ತರಬೇತಿಗೆ ತಕ್ಕ ಸಂಬಳದ ಬಗ್ಗೆ ಮೌನ ತಾಳಿತು. ಹೊಲಿಗೆ ಯಂತ್ರದ ಮುಂದೆ ಹೆಚ್ಚು ಕೂಲಿ ದೊರೆಯುವುದಾದರೆ ತೊಟ್ಟಿಲ ಬಳಿ ಯಾರು ತಾನೇ ನಿಲ್ಲುತ್ತಾರೆ?

ಪೋಷಕರು ಶಿಶುವಿಹಾರವನ್ನು ನೋಡಲು ಹೋದಾಗ ಆಟಿಕೆ, ಗೋಡೆಚಿತ್ರಗಳ ಜೊತೆಗೆ ಇನ್ನೊಂದು ಸಂಗತಿಯನ್ನೂ ವಿಚಾರಿಸಲಿ: ಇಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಎಷ್ಟು ವರ್ಷದಿಂದ ಇದ್ದಾರೆ? ಉತ್ತರ ತಿಂಗಳುಗಳಲ್ಲಿ ಬಂದರೆ, ಅವರ ಸಂಬಳವೆಷ್ಟೆಂದು ಆಡಳಿತವನ್ನು ಒಟ್ಟಾಗಿ ಕೇಳುವುದು ಪೋಷಕರ ಮುಂದಿನ ಕರ್ತವ್ಯ.